ಯಕ್ಷಗಾನ ಆಟದ ವಿಡಿಯೊಗೆ 4 ಟಿಬಿಯ ಒಂದೇ ಎಸ್‌ಎಸ್‌ಡಿಯೋ, ಚಿಕ್ಕವು ಮೂರ್ನಾಲ್ಕೋ?

ಕರಾವಳಿ_ಕ್ಯಾಮೆರಾ:
ನಮ್ಮದು ಕುಂದಾಪುರದ ಕಡೆ. ಯಕ್ಷಗಾನ ಆಟಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುತ್ತೇನೆ. ಎರಡು ಕ್ಯಾಮೆರಾ, 4ಕೆ, ಸೆಕೆಂಡಿಗೆ 100 ಮೆಗಾಬಿಟ್. ಒಂದು ಕ್ಯಾಮೆರಾಕ್ಕೆ ಗಂಟೆಗೆ 45 ಜಿಬಿ ಹೋಗುತ್ತದೆ. ಕಾಲಮಿತಿ ಆಟವಾದರೆ ಹೇಗೋ ನಡೆಯುತ್ತದೆ, ಬೆಳಗಿನವರೆಗೆ ಎಂಟು ಗಂಟೆ ನಡೆದರೆ ಎರಡೂ ಸೇರಿ 720 ಜಿಬಿ.

ಕಂಪ್ಯೂಟರ್ ರೈಝನ್ 5600ಜಿ, ಬಿ550 ಬೋರ್ಡ್, ಎಂ.2 ಸ್ಲಾಟ್ ಎರಡು. ಒಂದರಲ್ಲಿ ವಿಂಡೋಸ್ ಇರುವ 500 ಜಿಬಿ ಎನ್‌ವಿಎಂಇ (ಆ ಸ್ಲಾಟಿಗೆ ಹಾಕುವ ವೇಗದ ಎಸ್‌ಎಸ್‌ಡಿ) ಕೂತಿದೆ. ಫೈಲುಗಳೆಲ್ಲ ಹಳೇ ಹಾರ್ಡ್ ಡಿಸ್ಕಿನಲ್ಲಿ. ಎರಡೂ ಕ್ಯಾಮೆರಾ ಜೋಡಿಸಿ ಓಡಿಸಿದರೆ ಚಿತ್ರ ತಡವರಿಸುತ್ತದೆ. ಚೆಂಡೆಯ ಪೆಟ್ಟಿಗೂ ಹೆಜ್ಜೆಗೂ ಹೊಂದಿಕೆ ನೋಡಲು ಆಗುತ್ತಿಲ್ಲ.

ಯೋಚನೆಯಲ್ಲಿರುವುದು ಮೂರು ದಾರಿ. 4 ಟಿಬಿ ಎನ್‌ವಿಎಂಇ ಒಂದು, 2 ಟಿಬಿಯವು ಎರಡು ತಂದು ರೇಡ್ 0 (ಫೈಲನ್ನು ಎರಡಕ್ಕೂ ಹಂಚಿ ಒಂದೇ ಡ್ರೈವಿನಂತೆ ಬಳಸುವುದು), ಇಲ್ಲವಾದರೆ 1 ಟಿಬಿಯ ಸಾಟಾ ಎಸ್‌ಎಸ್‌ಡಿ (ಕೇಬಲ್ಲಿನಲ್ಲಿ ಜೋಡಿಸುವ, ನಿಧಾನದ ಬಗೆ) ನಾಲ್ಕು. ಒಂದೇ ದೊಡ್ಡದು ಕೊಂಡು ಅದು ಕೈಕೊಟ್ಟರೆ ಎಲ್ಲ ಹೋಯಿತಲ್ಲ ಎಂಬ ಭಯ. ಹಿರಿಯ ಭಾಗವತರು ಆ ರಾತ್ರಿ ಹಾಡಿದ ಪದ್ಯವನ್ನು ಮತ್ತೆ ಎಲ್ಲಿಂದ ತರಲಿ?

ಮಲ್ಲೇಶ್ವರಂ_ಬಿಲ್ಡರ್:
ಒಂದೇ 4 ಟಿಬಿ ತಗೊಳ್ಳಿ. ಜಾಗ ಒಂದೇ ಕಡೆ ಇದ್ದರೆ ಯಾವ ಫೈಲ್ ಯಾವ ಡ್ರೈವಿನಲ್ಲಿ ಅಂತ ಹುಡುಕುವ ಗೋಜಿಲ್ಲ. ಸ್ಯಾಮ್‌ಸಂಗ್ 990 ಪ್ರೊ ಅಥವಾ ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್, ಎರಡೂ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಯುವ ಫ್ಲ್ಯಾಶ್), ಎರಡಕ್ಕೂ ಸ್ವಂತ ಡಿರ್ಯಾಮ್ ಮೆಮೊರಿ ಇದೆ. 4 ಟಿಬಿ ಮಾದರಿಗೆ 2400 ಟಿಬಿ ಬರೆಯುವಷ್ಟು ವಾರಂಟಿ.

ಶಿರಸಿ_ಎಡಿಟರ್:
ಬಿಲ್ಡರ್ ಹೇಳಿದ ಡ್ರೈವ್‌ಗಳು ಒಳ್ಳೆಯವೇ. ಆದರೆ ನಿಮ್ಮ ಕೆಲಸಕ್ಕೆ ಆ ವೇಗ ಬೇಕಾಗಿಲ್ಲ, ಅದಕ್ಕೆ ಕೊಡುವ ಹಣ ಬೇರೆ ಕಡೆ ಬೇಕು. ನಾನೂ ಆಟದ ವಿಡಿಯೊ ಎಡಿಟ್ ಮಾಡುವವನು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಿಮ್ಮ ಎರಡು ಕ್ಯಾಮೆರಾ ಸೇರಿ ಸೆಕೆಂಡಿಗೆ ಕೇಳುವುದು ಬರೀ 25 ಎಂಬಿ. ಸಾಟಾ ಎಸ್‌ಎಸ್‌ಡಿಯೇ 550ರ ಹತ್ತಿರ ಕೊಡುತ್ತದೆ. ಹಾರ್ಡ್ ಡಿಸ್ಕ್ ಸೋಲುವುದು ವೇಗದಲ್ಲಿ ಅಲ್ಲ, ಅದರ ಹೆಡ್ ಎರಡು ಫೈಲುಗಳ ನಡುವೆ ಓಡಾಡಿ ಸುಸ್ತಾಗುವುದರಲ್ಲಿ. ಯಾವ ಎಸ್‌ಎಸ್‌ಡಿ ಹಾಕಿದರೂ ಆ ಓಡಾಟ ಇರುವುದಿಲ್ಲ. ಹಾಕಿದ ಮೇಲೂ ತಡವರಿಸಿದರೆ ತೊಂದರೆ ಡಿಕೋಡಿಂಗ್‌ನದು, ಅಂದರೆ ಒತ್ತಿಟ್ಟ ವಿಡಿಯೊವನ್ನು ಬಿಡಿಸುವ ಕೆಲಸದ್ದು; ಪ್ರಾಕ್ಸಿ, ಎಂದರೆ ಎಡಿಟ್‌ಗೆ ಹಗುರವಾದ ಪ್ರತಿ, ಮಾಡಿಕೊಳ್ಳಿ.

ಇನ್ನೊಂದು, 5600ಜಿಯಲ್ಲಿ ಇರುವುದು ಪಿಸಿಐಇ 3.0, ಎನ್‌ವಿಎಂಇ ಡ್ರೈವ್ ಮಾತಾಡುವ ದಾರಿಯ ಹಳೇ ತಲೆಮಾರು. ಸೆಕೆಂಡಿಗೆ 7000 ಎಂಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ನಿಮ್ಮಲ್ಲಿ ಅರ್ಧದಷ್ಟೇ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಇಳಿಸುವಾಗಲೂ ಅಷ್ಟೇ: ಯುಎಚ್‌ಎಸ್-1 ಬಗೆಯ ಕಾರ್ಡಿನ ಮಿತಿಯೇ ಸೆಕೆಂಡಿಗೆ 104 ಎಂಬಿ, 360 ಜಿಬಿಯ ಒಂದು ಕ್ಯಾಮೆರಾ ಇಳಿಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಡ್ರೈವ್ ಎಷ್ಟೇ ಚುರುಕಾಗಿದ್ದರೂ ಅಲ್ಲಿ ಕಾಯಲೇಬೇಕು.

1 ಟಿಬಿಯ ನಾಲ್ಕು ಬೇಡವೇ ಬೇಡ. ಒಂದು ಪೂರ್ಣರಾತ್ರಿ ಆಟ 720 ಜಿಬಿ. ಉಳಿದ ಜಾಗದಲ್ಲಿ ಎರಡನೇ ಆಟ ಹಿಡಿಸುವುದಿಲ್ಲ, ಡ್ರೈವಿನ ಆರೋಗ್ಯಕ್ಕೆ ಒಂದಿಷ್ಟು ಖಾಲಿಯೂ ಬಿಡಬೇಕು. ನಾಲ್ಕರಲ್ಲೂ ಹೀಗೆ ಚೂರುಪಾರು ಜಾಗ ಉಳಿದು ಹಾಳಾಗುತ್ತದೆ. ಮೇಲಾಗಿ ಬಿ550ಯ ಬಹಳಷ್ಟು ಬೋರ್ಡುಗಳಲ್ಲಿ ಎರಡನೇ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಸತ್ತಂತೆಯೇ. ನಿಮ್ಮ ಬೋರ್ಡಿನ ಕೈಪಿಡಿ ತೆಗೆದು ಆ ಪುಟ ಮೊದಲು ನೋಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 500 ಜಿಬಿಯನ್ನು ವಿಂಡೋಸಿಗೇ ಬಿಡಿ. ಎರಡನೇ ಸ್ಲಾಟಿಗೆ 2 ಟಿಬಿಯ ಟಿಎಲ್‌ಸಿ ಡ್ರೈವ್ ಒಂದು, ಪಿಸಿಐಇ 3.0 ಆದರೂ ಸಾಕು. ಕೈಯಲ್ಲಿರುವ ಆಟ ಮಾತ್ರ ಅದರಲ್ಲಿರಲಿ. ಉಳಿದ ಹಣಕ್ಕೆ 8 ಟಿಬಿಯ ಹಾರ್ಡ್ ಡಿಸ್ಕ್ ಎರಡು. ಒಂದು ಕಂಪ್ಯೂಟರಿನೊಳಗೆ, ಇನ್ನೊಂದು ಹೊರಗಿನದು. ಒಂದೊಂದರಲ್ಲಿ ಹನ್ನೊಂದು ಪೂರ್ಣರಾತ್ರಿ ಆಟ ಹಿಡಿಸುತ್ತದೆ. ಹೊರಗಿನದು ನಿಮ್ಮ ಮನೆಯಲ್ಲೇ ಇರಬಾರದು, ಅಣ್ಣನ ಮನೆಯೋ ಅತ್ತೆಯ ಮನೆಯೋ ನೋಡಿ.

ಕರಾವಳಿ_ಕ್ಯಾಮೆರಾ:
ಲೆಕ್ಕ ಮನಸ್ಸಿಗೆ ಒಪ್ಪಿತು. ಎರಡು ಸಂದೇಹ. ಪೂರ್ಣರಾತ್ರಿ ಆಟಗಳೇ ಜಾಸ್ತಿಯಾದರೆ 2 ಟಿಬಿ ಬೇಗ ಸವೆದುಹೋಗುವುದಿಲ್ಲವೇ? ಇನ್ನೊಂದು, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯಲ್ಲೇ ತುಂಬಿ ಕಪಾಟಿನಲ್ಲಿಟ್ಟರೆ? ಬಿದ್ದರೂ ಒಡೆಯುವುದಿಲ್ಲ ಎನ್ನುತ್ತಾರೆ.

ಶಿರಸಿ_ಎಡಿಟರ್:
ಸವೆತದ ಚಿಂತೆ ಬಿಡಿ. ವರ್ಷಕ್ಕೆ ಐವತ್ತು ಪೂರ್ಣರಾತ್ರಿ ಆಟ ಎಂದೇ ಹಿಡಿಯೋಣ, 36 ಟಿಬಿ ಬರೆದ ಹಾಗಾಯಿತು. 2 ಟಿಬಿಯ 990 ಪ್ರೊಗೆ 1200 ಟಿಬಿ. ಕ್ಯುಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್, ಬೇಗ ಸವೆಯುವ ಬಗೆ) ಇರುವ ಕ್ರೂಶಿಯಲ್ ಪಿ3 ಪ್ಲಸ್‌ಗೂ 440 ಇದೆ. ಪ್ರಾಕ್ಸಿ, ಕ್ಯಾಶ್ ಎಲ್ಲ ಸೇರಿಸಿ ದುಪ್ಪಟ್ಟು ಮಾಡಿದರೂ ಡ್ರೈವ್ ಸವೆಯುವ ಮೊದಲು ನೀವು ಕಂಪ್ಯೂಟರನ್ನೇ ಬದಲಾಯಿಸಿರುತ್ತೀರಿ. ಎಸ್‌ಎಸ್‌ಡಿ ಸಾಯುವುದು ಹೆಚ್ಚಾಗಿ ಸವೆದು ಅಲ್ಲ, ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಕೆಟ್ಟು, ಮುನ್ಸೂಚನೆಯಿಲ್ಲದೆ. ಅದಕ್ಕೇ ಎರಡನೇ ಪ್ರತಿಯ ಮೇಲೆ ಇಷ್ಟು ಹಟ ಹಿಡಿದಿದ್ದೇನೆ. ರೇಡ್ 0 ಮಾಡಿದರೆ ಎರಡರಲ್ಲಿ ಯಾವುದೇ ಒಂದು ಸತ್ತರೂ ಎರಡರದ್ದೂ ಹೋಗುತ್ತದೆ. ನಿಮ್ಮ ಭಯ ಅಲ್ಲಿ ದುಪ್ಪಟ್ಟಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕಪಾಟಿನಲ್ಲಿ ಇಡಲು ಎಸ್‌ಎಸ್‌ಡಿ ಬೇಡ. ಫ್ಲ್ಯಾಶ್ ಕೋಶಗಳಲ್ಲಿ ಹಿಡಿದಿಟ್ಟ ಚಾರ್ಜ್ ಕರೆಂಟ್ ಇಲ್ಲದೆ ನಿಧಾನವಾಗಿ ಸೋರುತ್ತದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ಜೆಡೆಕ್ (ಮೆಮೊರಿ ಚಿಪ್ ಉದ್ಯಮದ ಸಂಸ್ಥೆ) ಮಾನದಂಡ ಕೇಳುವುದು, ಬರೆಯುವ ಆಯಸ್ಸು ಮುಗಿದ ಡ್ರೈವ್ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು ಎಂದಷ್ಟೇ. ಹೊಸತು ಇದಕ್ಕಿಂತ ಬಹಳ ಕಾಲ ತಾಳುತ್ತದೆ. ಆದರೂ ನಿಮ್ಮ ಕರಾವಳಿಯ ಸೆಕೆಯಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ನಾನು ಅದನ್ನು ನಂಬುವುದಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಿಮಗೆ ಹೇಗೂ ಬಿಡುವು. ಆಗ ಹಾರ್ಡ್ ಡಿಸ್ಕ್ ಜೋಡಿಸಿ, ಪ್ರತಿ ಆಟದ ಫೈಲನ್ನೂ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತೋರಿಸುವ ಗುರುತು ಸಂಖ್ಯೆ) ಹಾಕಿ ತಾಳೆ ನೋಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಮಳೆಗಾಲ ಕಳೆಯುತ್ತದೆ.

ಮಲ್ಲೇಶ್ವರಂ_ಬಿಲ್ಡರ್:
ಪಿಸಿಐಇ 3.0 ವಿಚಾರ ಸರಿ, 5600ಜಿ ಎಂದಿದ್ದನ್ನು ಗಮನಿಸಿದರೆ 2 ಟಿಬಿಯೇ ಸಾಕು. ಯುಪಿಎಸ್ ಇಲ್ಲದಿದ್ದರೆ ಅದನ್ನೂ ಸೇರಿಸಿ. ಸಾಮಾನ್ಯ ಡ್ರೈವ್‌ಗಳಲ್ಲಿ ಕರೆಂಟ್ ಹೋದಾಗ ಬರೆಯುತ್ತಿದ್ದುದನ್ನು ಮುಗಿಸಿಕೊಡುವ ಕೆಪಾಸಿಟರ್ ಇರುವುದಿಲ್ಲ. ಕಾರ್ಡ್ ಇಳಿಸುತ್ತಿರುವಾಗ ಕರೆಂಟ್ ಹೋದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ.

ಕರಾವಳಿ_ಕ್ಯಾಮೆರಾ:
ಕೈಪಿಡಿ ನೋಡಿದೆ. ನನ್ನ ಬೋರ್ಡಿನಲ್ಲಿ 5 ಮತ್ತು 6ನೇ ಸಾಟಾ ಪೋರ್ಟ್ ಹೋಗುತ್ತವೆ, ಹಾರ್ಡ್ ಡಿಸ್ಕ್ 1ರಲ್ಲಿದೆ, ಅಡ್ಡಿಯಿಲ್ಲ. 2 ಟಿಬಿ ಒಂದು, 8 ಟಿಬಿ ಎರಡು ತರುತ್ತೇನೆ. ಕಾರ್ಡನ್ನು ಎರಡು ಕಡೆ ಪ್ರತಿ ಆಗುವ ತನಕ ಫಾರ್ಮ್ಯಾಟ್ ಮಾಡುವುದಿಲ್ಲ.