ಪದ ಬೇಕು: ಉಣ್ಣೆ 'ಫೆಲ್ಟ್' ಆಗೋದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಸುಮ್ನಿದ್ದೆ, ಇವತ್ತು ನಂದೇ ಒಂದು ಪ್ರಶ್ನೆ ಇದೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಚಿಕ್ಕಮಗಳೂರಲ್ಲಿರೋದು. ಹೋದ ಮಳೆಗಾಲದಲ್ಲಿ ಮನೇಲಿ ಕೂತು ಕೂತು ಸಾಕಾಗಿ ಉಣ್ಣೇಲಿ ಫೆಲ್ಟಿಂಗ್ ಮಾಡೋದನ್ನ ವಿಡಿಯೋ ನೋಡಿ ಕಲಿಯೋಕೆ ಶುರು ಮಾಡ್ದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಇದರಲ್ಲಿ ನೂಲೋದೂ ಇಲ್ಲ ನೇಯೋದೂ ಇಲ್ಲ. ಹಿಂಜಿದ ಉಣ್ಣೇನ ತೆಳ್ಳಗೆ ಒಂದು ಪದರ ಅಡ್ಡ, ಒಂದು ಪದರ ಉದ್ದ ಅಂತ ಹರಡಿ, ಬಿಸಿ ಸೋಪುನೀರು ಚಿಮುಕ್ಸಿ, ಮೇಲೊಂದು ಹಳೇ ಸೊಳ್ಳೆಪರದೆ ತುಂಡು ಹಾಕಿ ಅಂಗೈಲಿ ಮೆಲ್ಲಗೆ ಉಜ್ಜಬೇಕು, ಆಮೇಲೆ ಅದನ್ನ ಬಿದಿರಿನ ಚಾಪೇಲಿ ಲಟ್ಟಣಿಗೆ ಸಮೇತ ಸುತ್ತಿ ಉರುಳಿಸ್ತಾ ಇರಬೇಕು, ಉರುಳಿಸ್ತಾ ಇರಬೇಕು, ತೋಳು ಬಿದ್ದೋಗೋವರೆಗೂ. ಎರಡು ಬೆರಳಲ್ಲಿ ಚಿವುಟಿ ಎತ್ತಿದಾಗ ಎಳೆ ಬಿಡಿಬಿಡಿಯಾಗಿ ಬರದೆ ಇಡೀ ಹಾಳೆನೇ ಎದ್ದು ಬಂದ್ರೆ ಆಯ್ತು ಅಂತ ಲೆಕ್ಕ. ನಾನು 30 ಸೆಂಟಿಮೀಟರ್ ಅಗಲ ಹರಡಿದ್ದು ಕೊನೆಗೆ 20ಕ್ಕೆ ಇಳಿದಿತ್ತು. ಅದರ ಮೇಲೆ ಈಗ ನಮ್ಮನೆ ಫಿಲ್ಟರ್ ಕಾಫಿ ಡಬರಿ ಕೂರುತ್ತೆ.

ಹೀಗ್ಯಾಕೆ ಆಗುತ್ತೆ ಅಂದ್ರೆ ಉಣ್ಣೆಯ ಒಂದೊಂದು ಎಳೆ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ ಇರುತ್ತೆ, ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು, ಎಲ್ಲಾ ಒಂದೇ ದಿಕ್ಕಿಗೆ. ಬಿಸಿನೀರು ಸೋಪು ಬಿದ್ದು ಉಜ್ಜಿದಾಗ ಎಳೆ ಮುಂದಕ್ಕೆ ಜರುಗುತ್ತೆ, ಹಿಂದಕ್ಕೆ ಬರೋಕಾಗಲ್ಲ, ಹುರುಪೆ ಪಕ್ಕದ ಎಳೆಗೆ ಕಚ್ಚಿಕೊಳ್ಳುತ್ತೆ. ಒಂದ್ಸಲ ಕಚ್ಚಿದ್ದು ಬಿಡೋ ಮಾತೇ ಇಲ್ಲ. ಒಳ್ಳೇ ಸ್ವೆಟರನ್ನ ವಾಷಿಂಗ್ ಮಷೀನಲ್ಲಿ ಬಿಸಿನೀರಿಗೆ ಹಾಕಿ ಮಗು ಸೈಜಿಗೆ ತಂದಿರೋರಿಗೆ (ನಾನೂ ಒಬ್ಬಳು) ಇದು ಚೆನ್ನಾಗಿ ಗೊತ್ತಿರುತ್ತೆ.

ಈಗ ಪ್ರಶ್ನೆ. ಉಣ್ಣೆ ಹೀಗೆ ಆಗೋದಕ್ಕೆ ಕನ್ನಡದಲ್ಲಿ ಕ್ರಿಯಾಪದ ಏನು? ಹೊಸದಾಗಿ ಹುಟ್ಟಿಸಿ ಕೊಡಿ ಅಂತ ಕೇಳ್ತಿಲ್ಲ, ಉಣ್ಣೆ ಮುಟ್ಟೋ ಜನ ಬಾಯಲ್ಲಿ ಬಳಸ್ತಿರೋ ಮಾತು ಇದೆಯಾ ಅಂತ. ಅನುವಾದ ಮಾಡೋ ಆಪನ್ನ ಕೇಳೋದು ಬೇಡ, ನಾನು ಕೇಳಿ ಆಯ್ತು, ವೆಟ್ ಫೆಲ್ಟಿಂಗ್ ಅಂದ್ರೆ 'ಒದ್ದೆ ಭಾವನೆ' ಅಂತು. ಮಗಳು ವಾರಗಟ್ಟಲೆ ನನ್ನ ಆಡ್ಕೊಂಡಳು, ಅಮ್ಮ ಬಚ್ಚಲಲ್ಲಿ ಒದ್ದೆ ಭಾವನೆ ಮಾಡ್ತಿದಾಳೆ ಅಂತ.

ಮಜಾ ಏನಂದ್ರೆ ಇದರ ಹಿಂದಿನ ಕೆಲಸಗಳಿಗೆಲ್ಲ ನಮ್ಮಲ್ಲಿ ಪದ ಇದೆ. ಹಿಂಜೋದು ಇದೆ. ಹಿಂಜಿದ್ದನ್ನ ಉದ್ದಕ್ಕೆ ಸುರುಳಿ ಮಾಡಿ ಇಟ್ಕೊಳ್ಳೋದಕ್ಕೆ ಇಂಗ್ಲಿಷಿನೋರು ರೋವಿಂಗ್ ಅಂತಾರೆ, ನಾನು ಅದಕ್ಕೆ ಹಂಜಿ ಅಂತೀನಿ. ಹತ್ತಿ ನೂಲೋರ ಪದ ಅದು, ಹಳಗನ್ನಡದ ಪಂಜಿ, ಪ ಹೋಗಿ ಹ ಬಂದಿದೆ ಅಷ್ಟೆ, ಉಣ್ಣೆಗೆ ಬಳಸಿದ್ರೆ ತಪ್ಪೇನಿಲ್ಲ ಅನ್ಸುತ್ತೆ. ಚೀಲದ ಹಿಡಿಗೆ ಹುರಿ ಮಾಡುವಾಗ ಬತ್ತಿ ಹೊಸೆದ ಹಾಗೇ ಹೊಸೀತೀನಿ, ಓಲೆಗೆ ಮಣಿ ಮಾಡುವಾಗ ಉಂಡೆ ಕಟ್ತೀನಿ. ನೀರಿಲ್ಲದೆ ಸೂಜೀಲಿ ಚುಚ್ಚಿ ಚುಚ್ಚಿ ಮಾಡೋ ಇನ್ನೊಂದು ಬಗೆ ಇದೆಯಲ್ಲ, ಆ ಸೂಜಿಯ ತುದಿ ಮೂರು ಮೂಲೆ, ಮೂಲೆ ಮೇಲೆ ಸಣ್ಣ ಸಣ್ಣ ಕಚ್ಚು ಕೊಟ್ಟಿರ್ತಾರೆ, ಇಳಿಯುವಾಗ ಎಳೆಗಳನ್ನ ಒಳಕ್ಕೆ ಎಳ್ಕೊಂಡು ಹೋಗುತ್ತೆ. ಅದಕ್ಕೆ ಕಚ್ಚುಸೂಜಿ ಅಂತ ಹೆಸರಿಟ್ಕೊಂಡೆ, ಅದು ನನ್ನ ಬೆರಳನ್ನ ಕಚ್ಚಿರೋ ಲೆಕ್ಕ ನೋಡಿದ್ರೆ ಎರಡು ಅರ್ಥಕ್ಕೂ ಸರಿ. ಮುಖ್ಯ ಕೆಲಸಕ್ಕೆ ಬಂದಾಗ ಮಾತ್ರ ಬಾಯಿ ಕಟ್ಟಿ 'ಫೆಲ್ಟ್ ಮಾಡೋದು' ಅಂದ್ಬಿಡ್ತೀನಿ.

ಉಣ್ಣೆ ಅನ್ನೋ ಪದದ್ದೇ ಒಂದು ತಾಪತ್ರಯ. ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮಲ್ಲಿಗೆ ಬಂದಿದ್ದು ಇದು. ಆದ್ರೆ ನಮ್ಮ ಮಲೆನಾಡು ಕಡೆ ದನ ನಾಯಿ ಮೈಗೆ ಹತ್ತೋ ಉಣುಗಿಗೂ ಉಣ್ಣೆ ಅಂತಾರಲ್ಲ, ಮಂಗನ ಕಾಯಿಲೆ ಸುದ್ದಿ ಬಂದಾಗಲೆಲ್ಲ ಕೇಳೋ ಪದ. ಉಣ್ಣೆ ಕೆಲಸ ಹಿಡಿದಿದೀನಿ ಅಂದಿದ್ದಕ್ಕೆ ಪಕ್ಕದ ಮನೆ ಆಂಟಿ 'ನಾಯಿಗಾ? ಔಷಧಿ ಹಾಕ್ಸಿ' ಅಂದ್ರು. ಅಂಗಡೀಲಿ 'ಉಲ್ಲನ್' ಕೇಳಿದ್ರೆ ಕೊಡೋದು ಬಹುಪಾಲು ಅಕ್ರಿಲಿಕ್ ದಾರ, ಅದಕ್ಕೂ ಕುರಿಗೂ ಸಂಬಂಧವೇ ಇಲ್ಲ, ಹುರುಪೆನೂ ಇಲ್ಲ. ನಾನು ಮೊದಲನೇ ಸಲ ಅದನ್ನೇ ಬಿಡಿಸಿ ಮೂರು ಗಂಟೆ ಉಜ್ಜಿದೀನಿ, ಕೈ ಸುಕ್ಕಾಗಿದ್ದು ಬಿಟ್ರೆ ಏನೂ ಆಗ್ಲಿಲ್ಲ. ಅಂದ್ರೆ ಉಲ್ಲನ್ನು ಉಣ್ಣೆ ಎರಡೂ ಈಗ ಬೇರೆ ಬೇರೆ ಪದ ಅಂತಲೇ ತಗೋಬೇಕು.

ನಮ್ಮೂರ ಉಣ್ಣೇಲೇ ಮಾಡೋಣ ಅಂತ ಕಡೂರು ಕಡೆ ಒಬ್ಬ ಕುರಿಯವರ ಹತ್ರ ಹೋಗಿದ್ದೆ. ಕಡೂರು, ಅರಸೀಕೆರೆ ಎಲ್ಲ ಬಯಲು ಸೀಮೆ, ಕುರಿ ಜಾಸ್ತಿ, ಹಾಸನದ ಹೆಸರಲ್ಲೇ ಒಂದು ಕುರಿ ತಳಿ ಇದೆ. ಆದ್ರೆ ಆ ಉಣ್ಣೆ ಒರಟು, ಕೂದಲೇ ಜಾಸ್ತಿ, ಕಂಬಳಿಗೆ ಹೇಳಿ ಮಾಡಿಸಿದ್ದು, ಮೆರಿನೋ ಅನ್ನೋ ಕುರಿ ತಳಿಯ ನಯವಾದ ಉಣ್ಣೆ ಥರ ಸುಲಭಕ್ಕೆ ಕೂಡ್ಕೊಳ್ಳಲ್ಲ. ಅವರು ಚೀಲದಿಂದ ತೆಗೆದು ತೋರಿಸ್ತಾ ಇರುವಾಗ ಅಡೀಲಿ ಒಂದು ಮುದ್ದೆ ಸಿಕ್ತು, ಕುರಿ ಮೈಮೇಲೇ ಮಳೆಗೆ ನೆಂದು, ತಿಕ್ಕಿ ತಿಕ್ಕಿ ಹಲಗೆ ಥರ ಆಗಿದ್ದ ಉಣ್ಣೆ, ಅಂಗೈ ಅಗಲ, ಗಟ್ಟಿ, ಅದರೊಳಗೊಂದು ಒಣಗಿದ ಮುಳ್ಳು. ನನಗೆ ಕುಣಿದಾಡೋ ಹಾಗಾಯ್ತು, ಇದೇ ನೋಡಿ ಫೆಲ್ಟು! 'ಇದಕ್ಕೆ ಏನಂತೀರಣ್ಣ' ಅಂದೆ. 'ಇದು ಜಡೆ ಕಟ್ಟಿರೋದು ಕಣಕ್ಕ, ಹಿಂಜಕ್ಕೆ ಬರಲ್ಲ, ಬಿಸಾಕದೇಯ' ಅಂತ ಹೇಳಿ ಬೇಲಿ ಆಚೆ ಎಸೆದೇಬಿಟ್ರು. ನಾನು ಹೋಗಿ ಎತ್ಕೊಂಡು ಬಂದೆ. ಪಾಪ, ಈ ಹೆಂಗಸಿಗೆ ತಲೆ ಸರಿ ಇಲ್ಲ ಅಂದ್ಕೊಂಡಿರ್ತಾರೆ.

ಬಸ್ಸಲ್ಲಿ ವಾಪಸ್ ಬರುವಾಗ ಹೊಳೆದಿದ್ದು ಇದು. ನಮ್ಮಲ್ಲಿ ಈ ಸಂಗತಿಗೆ ಇರೋ ಮಾತೆಲ್ಲ ಬೈಗುಳದ ಥರದ್ದೇ: ಸಿಕ್ಕು, ಗಂಟು, ಜಡೆ ಕಟ್ಟು, ಜಡ್ಡುಗಟ್ಟು. ನೂತು ನೇಯೋರಿಗೆ ಎಳೆ ಬಿಡಿಯಾಗೇ ಇರಬೇಕು, ಅಂಟ್ಕೊಂಡ್ರೆ ಮಾಲು ಹಾಳು. ಚಳ್ಳಕೆರೆ ಕಡೆ ಕಂಬಳಿ ಮಾಡುವಾಗ ನೂಲಿಗೆ ಹುಣಸೆಬೀಜದ ಗಂಜಿ ಹಾಕೋದು ಕೂಡ ಎಳೆ ಕೆದರದೆ ನಯವಾಗಿ ನಿಲ್ಲಲಿ ಅಂತಲೇ. ಹಾಗಿರುವಾಗ ಎಳೆ ಕಚ್ಚಿಕೊಳ್ಳೋದನ್ನ ಬೇಕು ಅಂತ ಮಾಡೋ ಕಸುಬಿಗೆ ಒಳ್ಳೇ ಹೆಸರು ಎಲ್ಲಿಂದ ಬರಬೇಕು? ಕಾಶ್ಮೀರದಲ್ಲಿ ಹಾಸುಗಂಬಳಿನೇ ಹೀಗೆ ಮಾಡ್ತಾರೆ, ಅದಕ್ಕೆ ನಮ್ದಾ ಅನ್ನೋ ಹೆಸರೂ ಇದೆ, ಪಾರ್ಸಿಯ ನಮದ್‌ನಿಂದ ಬಂದಿದ್ದು. ನಮ್ಮಲ್ಲಿ ಬನಾತು, ಸಕಲಾತಿ ಅಂತ ಹಳೇ ಪದಗಳಿದಾವೆ, ಆದ್ರೆ ಅವು ನೇಯ್ದ ಬಟ್ಟೆ. ಬನಾತನ್ನ ನೇಯ್ದ ಮೇಲೆ ನೀರಲ್ಲಿ ಕುಗ್ಗಿಸಿ ಒತ್ತು ಮಾಡ್ತಾರೆ, ಹಾಗಾಗಿ ಫೆಲ್ಟಿಗೆ ದಾಯಾದಿ ಅನ್ಬಹುದು, ಫೆಲ್ಟೇ ಅಲ್ಲ.

ಇಲ್ಲಿವರೆಗೆ ಸಿಕ್ಕಿರೋದು ಎರಡು. ಒಂದು 'ಒತ್ತುಣ್ಣೆ', ಇದು ನಮ್ಮನೆಯವರದ್ದು. ಒತ್ತು ಶಾವಿಗೆ ಇಲ್ವಾ, ಹಾಗೇ ಅಂತಾರೆ. ಒತ್ತು ಅಂದ್ರೆ ದಟ್ಟ ಅಂತಲೂ ಆಗುತ್ತೆ, ಕೇಳೋಕೂ ಚೆನ್ನಾಗಿದೆ. ಆದ್ರೆ ಬರೀ ಒತ್ತಿದ್ರೆ ಫೆಲ್ಟ್ ಆಗಲ್ಲ, ಉಜ್ಜಬೇಕು, ಹಾಗಾಗಿ ನನಗೆ ಅರ್ಧ ಮನಸ್ಸು. ಇನ್ನೊಂದು ನಮ್ಮತ್ತೆ ಬಾಯಿಂದ ತಾನಾಗೇ ಬಂದಿದ್ದು. ನಾನು ಉರುಳಿಸಿ ಸುಸ್ತಾಗಿ ಕೂತಿದ್ದಾಗ ಬಂದು ಬೆರಳಿಂದ ಒತ್ತಿ ನೋಡಿ, 'ಹೆಪ್ಪಾದಂಗೈತಲ್ಲೇ' ಅಂದ್ರು. ಎಷ್ಟು ಸರಿಯಾಗಿದೆ ನೋಡಿ, ಮೊಸರೂ ಹಾಗೇ ಅಲ್ವಾ, ಬೆಚ್ಚಗಿರಬೇಕು, ಹೊತ್ತು ಬೇಕು, ಒಂದ್ಸಲ ಆದ್ರೆ ಮತ್ತೆ ಹಾಲಾಗಲ್ಲ. ಅಲ್ಲಿಂದ ನಾನು 'ಇನ್ನೂ ಹೆಪ್ಪಾಗಿಲ್ಲ', 'ಈ ಅಂಚು ಸರಿಯಾಗಿ ಹೆಪ್ಪಾಗಿಲ್ಲ' ಅಂತಲೇ ಮಾತಾಡ್ತಿದೀನಿ. ನಮ್ಮನೆಯವರು ರಕ್ತ ಹೆಪ್ಪುಗಟ್ಟೋದು ನೆನಪಾಗುತ್ತೆ ಅಂತ ಮುಖ ಹಿಂಡ್ತಾರೆ, ಆಗ್ಲಿ ಬಿಡಿ.

ಹಾಗಾಗಿ ತಿಳಿದೋರು ಹೇಳಿ. ಕುರುಬರ ಮನೆಗಳಲ್ಲಿ, ಕಂಬಳಿ ನೇಯೋ ಕಡೆ, ಜಡೆ ಕಟ್ಟೋದು ಅನ್ನೋದು ಬಿಟ್ಟು ಬೇರೆ ಮಾತು ಇದೆಯಾ? ಹಳೇ ಕಂಬಳಿ ಕೊಪ್ಪೆ ಮಳೇಲಿ ನೆಂದು ನೆಂದು ಬಿಗಿ ಆಗೋದಕ್ಕೆ ತೋಟದ ಕಡೆಯವರು ಏನಾದ್ರೂ ಅಂತಿದ್ರಾ? ಉತ್ತರ ಕರ್ನಾಟಕದೋರು, ಮನೇಲಿ ಉರ್ದು ಮಾತಾಡೋರು, ನಿಮ್ಮಲ್ಲಿ ನಮ್ದಾ ಪದ ಬಳಕೇಲಿ ಇದೆಯಾ? ಇನ್ನು 'ಹೆಪ್ಪುಣ್ಣೆ' ಅಂತ ಸಮಾಸ ಮಾಡಿದ್ರೆ ಕಿವಿಗೆ ಹೆಂಗಿದೆ, ಹುಣ್ಣು ಅಂತ ಕೇಳ್ಸುತ್ತಾ?

ಅವಸರ ಯಾಕಂದ್ರೆ ಮುಂದಿನ ತಿಂಗಳು ಪರಿಚಯದವರ ಅಂಗಡೀಲಿ ನಾಲ್ಕು ಸಾಮಾನು ಇಡ್ತಿದೀನಿ, ಟ್ಯಾಗ್ ಪ್ರಿಂಟಿಗೆ ಕೊಡಬೇಕು. ಬಿಸಿ ಪಾತ್ರೆ ಹಿಡಿಯೋದಕ್ಕೆ ಮಾಡಿರೋದನ್ನ ಮಸಿಬಟ್ಟೆ ಅಂತ ಬರೆದ್ರೆ ಇನ್ನೂರು ರೂಪಾಯಿ ಯಾರೂ ಕೊಡಲ್ಲ ಅಂತ ಮಗಳು ಹೇಳ್ತಾಳೆ, ಅದಕ್ಕೂ ಏನಾದ್ರೂ ಸೂಚಿಸಿ. ಪಾತ್ರೆ ಕೆಳಗೆ ಇಡೋ ಬಳೆ ಥರದ್ದನ್ನ ಮಾತ್ರ ಸಿಂಬೆ ಅಂತಲೇ ಹಾಕ್ಸೋದು, ಅದರಲ್ಲಿ ಚರ್ಚೆ ಇಲ್ಲ.