ಸಿಮೊಯ್ ಹೆಡ್‌ಫೋನ್ ಆಂಪ್: ಬ್ಯಾಟರಿ ಉಲ್ಟಾ ತಗುಲಿ ಐಸಿ ಬಿಸಿಯಾಗ್ತಿದೆ, ಎಡಗಡೆ ಸದ್ದಿಲ್ಲ

ತಂತಿ_ಚೂರು:
ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂರಿಸುವ ಸಿಮೊಯ್ ಆಂಪ್, ಮನೆಯಲ್ಲೇ ಜೋಡಿಸುವ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್. ಒಪಿಎ2134 ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್), ಬೇಸ್ ಮೇಲಿದೆ, ಬೆಸುಗೆ ಬಿಚ್ಚದೆ ಕಿತ್ತು ಹಾಕಬಹುದು. ಒಂದೇ 9 ವೋಲ್ಟ್ ಬ್ಯಾಟರಿ, 4.7 ಕೆ ರೆಸಿಸ್ಟರ್ ಎರಡು, 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು ಸೇರಿ ನಡುವಿನ ಗ್ರೌಂಡ್, ಅಂದರೆ ಬ್ಯಾಟರಿಯ ವೋಲ್ಟೇಜನ್ನು ಅರ್ಧರ್ಧ ಹಂಚುವ ಬಿಂದು. ಸ್ವಿಚ್ ಆನ್ ಇದ್ದಾಗಲೇ ಬ್ಯಾಟರಿ ಕ್ಲಿಪ್ ನಾಲ್ಕೈದು ಸೆಕೆಂಡ್ ಉಲ್ಟಾ ತಗುಲಿತು. ಈಗ ಎಲ್‌ಇಡಿ ಉರಿಯುತ್ತೆ, ಎಡಗಡೆ ಸದ್ದಿಲ್ಲ, ಬಲಗಡೆ ಒಡಕು ಸೌಂಡ್, ಐಸಿ ಮುಟ್ಟೋಕಾಗದಷ್ಟು ಬಿಸಿ. ಪ್ಲಸ್‌ನಿಂದ ಗ್ರೌಂಡಿಗೆ 7.1 ವೋಲ್ಟ್, ಗ್ರೌಂಡಿನಿಂದ ಮೈನಸ್‌ಗೆ 1.9. ಐಸಿ ಒಂದು ಬದಲಿಸಿದರೆ ಸಾಕಾ? ಹತ್ತಿರದ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಐಸಿ ಎನ್ಇ5532 ಇದೆ, ನಡೆಯುತ್ತಾ? ಔಟ್‌ಪುಟ್ ಜಾಕ್ ಕೂಡ ಅಲ್ಲಾಡ್ತಿದೆ.

ಹಳೇ_ಮೀಟರ್:
ಮೊದಲು ಹೆಡ್‌ಫೋನ್ ಕಿತ್ತಿಡಿ. ಈ ವಿನ್ಯಾಸದಲ್ಲಿ ಔಟ್‌ಪುಟ್‌ಗೆ ಕೆಪಾಸಿಟರ್ ಇಲ್ಲ, ಐಸಿ ಕೆಟ್ಟರೆ ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರ ಹೆಡ್‌ಫೋನಿನ ಡ್ರೈವರ್‌ಗೆ, ಅಂದರೆ ಸದ್ದು ಮಾಡುವ ಭಾಗಕ್ಕೆ ಹೋಗುತ್ತೆ.

ಐಸಿಯನ್ನು ಬೇಸ್‌ನಿಂದ ತೆಗೆದು ಅದೇ ಎರಡು ವೋಲ್ಟೇಜ್ ಮತ್ತೆ ಅಳೆಯಿರಿ. 4.5 ಆಸುಪಾಸು ಸಮ ಬಂದರೆ ತಪ್ಪು ಐಸಿಯದ್ದೇ. ಆಗಲೂ ಓರೆಯಿದ್ದರೆ ಕೆಪಾಸಿಟರ್ ಸೋರ್ತಿದೆ. ನಿಮ್ಮ ಲೆಕ್ಕವೇ ನೋಡಿ: ಮೇಲಿನ 4.7 ಕೆಯಲ್ಲಿ 1.5 ಮಿಲಿಆಂಪ್, ಕೆಳಗಿನದರಲ್ಲಿ 0.4. ಮಿಕ್ಕ 1.1 ಬೇರೆ ದಾರಿಯಲ್ಲಿ ಮೈನಸ್‌ಗೆ ಹರೀತಿದೆ. ಗ್ರೌಂಡಿನಿಂದ 1 ಕೆ ರೆಸಿಸ್ಟರ್ ದಾಟಿ ಐಸಿಯ 2ನೇ ಅಥವಾ 6ನೇ ಕಾಲಿನ (ಇನ್‌ಪುಟ್ ಕಾಲು) ಒಳಗೆ ಹೋಗ್ತಿರಬೇಕು ಅಂತ ನನ್ನ ಊಹೆ.

ಬೆಸುಗೆ_ಭಟ್ಟ:
5532 ಬೇಡ. ಐಸಿ ಒಳ್ಳೆಯದೇ, ಈ ಜಾಗಕ್ಕಲ್ಲ. ಅದರ ಇನ್‌ಪುಟ್ ಕಾಲು ಸುಮಾರು 200 ನ್ಯಾನೋಆಂಪ್ ಎಳೆಯುತ್ತೆ. ಇನ್‌ಪುಟ್‌ನ 100 ಕೆ ಮೇಲೆ ಅದು 20 ಮಿಲಿವೋಲ್ಟ್. ಗೇನ್, ಅಂದರೆ ಹಿಗ್ಗಿಸುವ ಪಟ್ಟು, 11 ಇದ್ದರೆ (10 ಕೆ, 1 ಕೆ ರೆಸಿಸ್ಟರ್) ಔಟ್‌ಪುಟ್‌ನಲ್ಲಿ 220 ಮಿಲಿವೋಲ್ಟ್ ಡಿಸಿ. 32 ಓಮ್ ಹೆಡ್‌ಫೋನ್‌ನಲ್ಲಿ ಹತ್ತಿರಹತ್ತಿರ 7 ಮಿಲಿಆಂಪ್ ಸುಮ್ಮನೆ ಹರಿಯುತ್ತೆ. ಒಪಿಎ2134ಗೆ ಜೆಫೆಟ್ ಇನ್‌ಪುಟ್, ಕರೆಂಟ್ ಎಳೆಯೋದೇ ಇಲ್ಲ ಅನ್ನಬಹುದು, ಈ ತಲೆನೋವಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ ಆನ್‌ಲೈನಲ್ಲಾಗಲಿ ತುಂಬಾ ಅಗ್ಗಕ್ಕೆ ಕೊಟ್ಟರೆ ನಕಲಿ ಅಂತಲೇ ಅನುಮಾನಪಡಿ.

ತಂತಿ_ಚೂರು:
ಐಸಿ ತೆಗೆದರೆ 4.5, 4.5. ಕೆಪಾಸಿಟರ್ ಉಳೀತಾ ಹಾಗಾದರೆ?

ಹಳೇ_ಮೀಟರ್:
ಉಳಿದಿವೆ. ಬ್ಯಾಟರಿ ಉಲ್ಟಾ ಆದಾಗ ಐಸಿಯ ಒಳಗಿನ ಜಂಕ್ಷನ್‌ಗಳು ತೆರೆದುಕೊಂಡು ಕರೆಂಟೆಲ್ಲ ತಾವೇ ನುಂಗಿರುತ್ತವೆ, ಕೆಪಾಸಿಟರ್ ಮೇಲೆ ಹೆಚ್ಚು ಬಿದ್ದಿರಲ್ಲ. ತಲೆ ಉಬ್ಬಿದ್ದರೆ ಮಾತ್ರ ಬದಲಿಸಿ.

ಹೊಸ ಐಸಿ ಹಾಕುವಾಗ ಅದರ ತುದಿಯ ಕಚ್ಚು ಬೇಸ್‌ನ 1ನೇ ಕಾಲಿನ ಕಡೆಗಿರಲಿ. 4ನೇ ಕಾಲು ಮೈನಸ್, 8ನೇದು ಪ್ಲಸ್. ಬ್ಯಾಟರಿಯ ಒಂದು ತುದಿಗೆ ಮೀಟರನ್ನು ಸೀರೀಸ್‌ನಲ್ಲಿ ಕೊಟ್ಟು ಕರೆಂಟ್ ನೋಡಿ. ಐಸಿಗೆ 8, ಮಿಕ್ಕದ್ದಕ್ಕೆ ಒಂದೆರಡು, ಒಟ್ಟು 10 ಮಿಲಿಆಂಪ್ ಸುತ್ತ ಬರಬೇಕು. 30 ದಾಟಿದರೆ ತಕ್ಷಣ ಆಫ್ ಮಾಡಿ. ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ ಔಟ್‌ಪುಟ್ ಜಾಕ್‌ನ ತುದಿ (ಎಡಗಡೆಯದು) ಮತ್ತು ಗ್ರೌಂಡ್ ನಡುವೆ ಡಿಸಿ ಅಳೆಯಿರಿ, ಬಲಗಡೆಯದನ್ನೂ ಹಾಗೇ. 20 ಮಿಲಿವೋಲ್ಟ್ ಒಳಗಿದ್ದರೆ ಹೆಡ್‌ಫೋನ್ ಹಾಕಬಹುದು. ಕಪ್ಪು ಮೊನೆಯನ್ನು ಬ್ಯಾಟರಿ ಮೈನಸ್‌ಗೆ ಹಿಡಿದು 4.5 ವೋಲ್ಟ್ ಬಂತು ಅಂತ ಗಾಬರಿಯಾಗುವವರೇ ಜಾಸ್ತಿ. ಗ್ರೌಂಡ್ ಅಂದರೆ ಇಲ್ಲಿ ನಡುವಿನದು.

ಬೆಸುಗೆ_ಭಟ್ಟ:
ಜಾಕ್ ವಿಷಯ. ಕಾಲಿನ ಸುತ್ತ ಬೆಸುಗೆಯ ಸೀಸದಲ್ಲಿ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತಾ, ಲೆನ್ಸ್ ಹಿಡಿದು ನೋಡಿ. ಕಂಡರೆ ಬರೀ ಬಿಸಿ ಮುಟ್ಟಿಸಿ ಬಿಡಬೇಡಿ, ಹಳೇ ಸೀಸ ವಿಕ್‌ನಿಂದ (ಸೀಸ ಹೀರುವ ತಾಮ್ರದ ಜಡೆ) ಪೂರ್ತಿ ತೆಗೆಯಿರಿ. ಫ್ಲಕ್ಸ್ ಹಚ್ಚಿ, 60/40 ಸೀಸ, ಸೋಲ್ಡರಿಂಗ್ ಐರನ್ 350 ಡಿಗ್ರಿ, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡ್ ಸಾಕು. ಹೆಚ್ಚು ಹೊತ್ತು ಹಿಡಿದರೆ ಜಾಕ್‌ನ ಪ್ಲಾಸ್ಟಿಕ್ ಕರಗಿ ಒಳಗಿನ ಸ್ಪ್ರಿಂಗ್ ಜಾರುತ್ತೆ. ತಾಮ್ರದ ಗೆರೆಯೇ ಎದ್ದಿದ್ದರೆ ತೆಳು ತಂತಿಯಿಂದ ಮುಂದಿನ ಬಿಂದುವಿಗೆ ಜೋಡಿಸಿ.

ಡಬ್ಬಿ ಮುಚ್ಚುವ ಮುಂಚೆ ಬ್ಯಾಟರಿಯ ಕೆಂಪು ತಂತಿಗೆ 1ಎನ್5819 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುತ್ತೆ) ಸೀರೀಸ್‌ನಲ್ಲಿ ಹಾಕಿ, ಬೆಳ್ಳಿ ಗೆರೆ ಬೋರ್ಡಿನ ಕಡೆಗೆ. 0.3 ವೋಲ್ಟ್‌ಗಿಂತ ಕಮ್ಮಿ ಹೋಗುತ್ತೆ, ಉಲ್ಟಾ ತಗುಲಿದರೂ ಐಸಿ ಉಳಿಯುತ್ತೆ. ಬೋರ್ಡಿನ ಅಡಿಗೆ ದಪ್ಪ ಕಾಗದವನ್ನೂ ಇಡಿ: ಜಾಕ್‌ನ ಲೋಹ ಡಬ್ಬಿಗೆ ತಾಗಿದ್ದರೆ ಡಬ್ಬಿಯೇ ನಡುವಿನ ಗ್ರೌಂಡ್, ಬ್ಯಾಟರಿ ಮೈನಸ್ ಅದಕ್ಕೆ ಮುಟ್ಟಿದರೆ ಅರ್ಧ ಸಪ್ಲೈ ಶಾರ್ಟ್.

ತಂತಿ_ಚೂರು:
ಹೊಸ ಐಸಿ, 10.2 ಮಿಲಿಆಂಪ್. ಡಿಸಿ ಎಡಗಡೆ 3, ಬಲಗಡೆ 2 ಮಿಲಿವೋಲ್ಟ್. ಜಾಕ್‌ನ ಎಡ ಕಾಲಲ್ಲಿ ಉಂಗುರ ಸಿಕ್ಕಿತು, ವಿಕ್ ತರಬೇಕು.