ಮೇಲಿನ ಬಿಪಿ ಏರಿ, ಕೆಳಗಿನದು ಇಳಿಯುವುದೇಕೆ?

ಇಳಕಲ್ಲಿನ ನೇಕಾರ:
ನಮ್ಮ ತಂದೆಯವರಿಗೆ 71 ವರ್ಷ. ಹತ್ತು ವರ್ಷಗಳ ಹಿಂದೆ ಅವರ ರಕ್ತದೊತ್ತಡ 140/90 ಇತ್ತು. ಈಗ ಅಳೆಸಿದಾಗಲೆಲ್ಲ 165/70ರ ಆಸುಪಾಸಿನಲ್ಲಿರುತ್ತದೆ. ರಕ್ತನಾಳ ಬಿರುಸಾಗಿದೆ ಎಂದು ವೈದ್ಯರು ಹೇಳಿದರು. ಹಾಗಾದರೆ ಎರಡೂ ಅಂಕಿಗಳು ಏರಬೇಕಲ್ಲವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ವಿಜಯಪುರದ ಶರೀರಕ್ರಿಯಾಶಾಸ್ತ್ರ ಅಧ್ಯಾಪಕಿ:
ಹೃದಯವು ರಕ್ತವನ್ನು ಬಿಟ್ಟು ಬಿಟ್ಟು ನೂಕುತ್ತದೆ, ಆದರೆ ಅಂಗಾಂಗಗಳಿಗೆ ಅದು ಎಡೆಬಿಡದೆ ಹರಿಯಬೇಕು. ಇದನ್ನು ಸಾಧಿಸುವುದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ: ಹೃದಯ ಕುಗ್ಗಿದಾಗ ಅದು ಹಿಗ್ಗಿ, ಒಂದು ಪಾಲು ರಕ್ತವನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಹೃದಯ ಸಡಿಲಗೊಂಡ ಹೊತ್ತಿನಲ್ಲಿ ಅದನ್ನು ಮುಂದಕ್ಕೆ ತಳ್ಳುತ್ತದೆ. 1733ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ ಇದನ್ನು ಬೆಂಕಿ ಆರಿಸುವ ಪಂಪಿನಲ್ಲಿರುವ ಗಾಳಿಯ ಕೋಶಕ್ಕೆ ಹೋಲಿಸಿದ್ದರು. ಬಿರುಸಾದ ನಾಳ ಹಿಗ್ಗುವುದಿಲ್ಲ. ಆದ್ದರಿಂದ ಹೃದಯ ನೂಕಿದ ಕ್ಷಣದಲ್ಲಿ ಒತ್ತಡ ವಿಪರೀತ ಏರುತ್ತದೆ, ಕೂಡಿಟ್ಟ ರಕ್ತ ಕಡಿಮೆಯಿರುವುದರಿಂದ ಮುಂದಿನ ಬಡಿತದೊಳಗೆ ಅಷ್ಟೇ ಆಳಕ್ಕೆ ಕುಸಿಯುತ್ತದೆ. ತಂದೆಯವರಲ್ಲಿ ಎರಡು ಅಂಕಿಗಳ ಅಂತರ 50ರಿಂದ 95ಕ್ಕೆ ಹೋಗಿರುವುದು ಇದರ ಗುರುತು.

ತಾವು ನೇಕಾರರಾದ್ದರಿಂದ ಕಾರಣವೂ ಸುಲಭವಾಗಿ ತಿಳಿದೀತು. ನಾಳದ ಗೋಡೆಯಲ್ಲಿ ರಬ್ಬರಿನಂತೆ ಎಳೆದು ಮರಳುವ ಎಲಾಸ್ಟಿನ್ ಎಂಬ ಎಳೆಗಳಿವೆ. ಜೊತೆಗೆ, ಮಗ್ಗದ ಮೇಲೆ ಇನ್ನೂ ಬಿಗಿಯದ ಹಾಸಿನ ಎಳೆಗಳಂತೆ ಸಡಿಲವಾಗಿ ಮಲಗಿರುವ ಗಟ್ಟಿ ಕೊಲಾಜನ್ ಇದೆ. ಎಲಾಸ್ಟಿನ್ ಬಹುಪಾಲು ಬಾಲ್ಯದಲ್ಲೇ ತಯಾರಾಗುತ್ತದೆ, ಆಮೇಲೆ ಹೊಸದಾಗಿ ಹುಟ್ಟುವುದು ತೀರ ಅಲ್ಪ. ಎಪ್ಪತ್ತು ವರ್ಷಗಳಲ್ಲಿ ಇನ್ನೂರೈವತ್ತು ಕೋಟಿಯಷ್ಟು ಬಡಿತಗಳನ್ನು ತಾಳಿಕೊಂಡ ಆ ಎಲಾಸ್ಟಿನ್ ಎಳೆಗಳು ದಣಿದು ತುಂಡಾದಂತೆಲ್ಲ ಭಾರ ಕೊಲಾಜನ್ ಮೇಲೆ ಬೀಳುತ್ತದೆ, ಅದು ಬಿಗಿಯಾಗಿ ನಿಂತುಬಿಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಈ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿರುಸು ಬೇಗನೆ ಬರುತ್ತದೆ.

ಬೆಳಗಾವಿಯ ಎಕೋ (ಹೃದಯದ ಸ್ಕ್ಯಾನ್) ತಂತ್ರಜ್ಞ:
ಮೇಡಂ ಅವರು ನಾಳದ ಬಗ್ಗೆ ಹೇಳಿದ್ದಾರೆ, ಹೃದಯದ ಮಾತನ್ನು ನಾನು ಸೇರಿಸುತ್ತೇನೆ. ಬಿರುಸು ನಾಳದ ಎದುರು ದಿನವೂ ದುಡಿಯುವ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ನೂಕುವ ಹೃದಯದ ಕೋಣೆಯ) ಗೋಡೆ ದಪ್ಪಗಾಗಿ ತಾನೂ ಬಿರುಸಾಗುತ್ತದೆ. ಅಂಥ ಹೃದಯ ಚೆನ್ನಾಗಿಯೇ ಪಂಪ್ ಮಾಡುತ್ತದೆ, ಆದರೆ ಸರಿಯಾಗಿ ಸಡಿಲಗೊಂಡು ತುಂಬಿಕೊಳ್ಳುವುದಿಲ್ಲ. ಇದರಿಂದ ಹೃದಯದೊಳಗೆ ಏರುವ ಒತ್ತಡ ಶ್ವಾಸಕೋಶದತ್ತ ಹಿಮ್ಮರಳಿ ಏದುಸಿರು ಬರುತ್ತದೆ. ಇನ್ನೊಂದು ವಿಷಯ: ಹೃದಯದ ಸ್ನಾಯುವಿಗೆ ಬಹುಪಾಲು ರಕ್ತ ಸಿಗುವುದು ಅದು ಸಡಿಲಗೊಂಡಾಗ, ಹಾಗಾಗಿ ಕೆಳಗಿನ ಅಂಕಿ ತೀರ ಇಳಿಯುವುದೂ ಒಳ್ಳೆಯದಲ್ಲ. ಮೇಲಿನ ಅಂಕಿ ನೋಡಿ ಗಾಬರಿಯಾಗಿ ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸಬೇಡಿರಿ.

ಇಳಕಲ್ಲಿನ ನೇಕಾರ:
ಇಬ್ಬರಿಗೂ ಕೃತಜ್ಞತೆಗಳು. ಅಪ್ಪನವರಿಗೆ ಮಾಳಿಗೆ ಹತ್ತುವಾಗ ಬರುವ ಏದುಸಿರನ್ನು ನಾವೆಲ್ಲ ವಯಸ್ಸಿನ ದಣಿವೆಂದೇ ತಿಳಿದಿದ್ದೆವು. ಅದನ್ನು ವೈದ್ಯರಿಗೆ ಹೇಳಿಯೇ ಇರಲಿಲ್ಲ. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.